ಹತ್ತಕ್ಕೆ ಒಂಬತ್ತು

ಹುಡುಗಿಯರ ಹಾಸ್ಟೆಲ್, ಧಾರವಾಡ
ಬುಧವಾರ, 12 ಮಾರ್ಚ್ 2025

ಹೇಮಂತ ಕಾಕಾ,

ನಮಸ್ಕಾರ. "ವಾರದಾಗ ವರದಿ ಕಳಸು" ಅಂತ ಹೇಳಿ ಶಲವಡಿಯಲ್ಲಿ ಬಸ್ಸು ಹತ್ತಿಸಿದ್ದಿರಿ. ಇವತ್ತಿಗೆ ಹನ್ನೆರಡು ದಿನ. ಇಂಟರ್ನಲ್ ಪರೀಕ್ಷೆ ಇತ್ತು ಅಂತ ಬರೆಯಬಹುದು, ಇತ್ತು ಕೂಡ, ಆದರೆ ತಡವಾಗಿದ್ದಕ್ಕೆ ಕಾರಣ ಅದಲ್ಲ. ಮೂರು ಸಲ ಬರೆದು ಹರಿದು ಹಾಕಿದೆ. ಫೋನಿನಲ್ಲಿ ಹೇಳೋಣ ಅಂದರೆ ನೀವು "ಹಲೋ, ಹಲೋ, ನೆಟ್‌ವರ್ಕ್ ಇಲ್ಲ ನೋಡು" ಅಂತ ಇಟ್ಟುಬಿಡುತ್ತೀರಿ. ರವಿವಾರ ಮಠದಲ್ಲಿ ಹಿರಿಯರು ಟ್ರ್ಯಾಕ್ಟರ್ ಡ್ರೈವರ್ ಮೈಲಾರಿಯ ವಿಷಯ ಮಾತಾಡಲು ಕೂಡುವ ಮೊದಲು ಈ ಕಾಗದ ನಿಮ್ಮ ಕೈ ಸೇರಲೇಬೇಕು.

ನನ್ನ ಕನ್ನಡ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಐದನೇ ಇಯತ್ತೆಯಿಂದ ಇಂಗ್ಲಿಷ್ ಹಾಸ್ಟೆಲ್ಲಿನಲ್ಲಿ ಬೆಳೆದವಳು, ಅರ್ಧ ಮಾತು ಆ ಭಾಷೆಯಲ್ಲೇ ಮೊದಲು ಬರುತ್ತದೆ. ಕೆಂಪು ಪೆನ್ನು ಹಿಡಿದುಕೊಂಡೇ ಓದ್ರಿ, ಬೇಜಾರಿಲ್ಲ.

ಮೊದಲು ನೀವು ಕೇಳಿದ್ದು: ಎಲ್ಪಿ ಪ್ಲೇಟಿನ ಆವಾಜು ಚಲೋನೋ, ಸಿಡಿಯದು ಚಲೋನೋ.

ರಟ್ಟಿನ ಮೇಲೆ ಚಿಮಣಿಯ ಚಿತ್ರ ಇರುವ ಆಲ್ಬಮ್‌ನಿಂದ ಶುರು ಮಾಡುತ್ತೇನೆ. ನೀವು ಮಾಸ್ತರಿಕೆಗೆ ಬರುವ ಮೊದಲು ಹಡಗಿನಲ್ಲಿ ರೇಡಿಯೋ ಆಫೀಸರ್ ಆಗಿದ್ದಾಗ, ಎಂಬತ್ತನೇ ಇಸವಿಯಲ್ಲಿ, ಲಿವರ್‌ಪೂಲಿನಲ್ಲಿ ಕೊಂಡ ಎಲ್ಪಿ. ಪಂಕ್ ಅನ್ನುವ ರಾಕ್ ಗದ್ದಲ ಮುಗಿದ ಮೇಲೆ ಅದೇ ಹುಡುಗರು ಸುಸ್ತಾಗಿ, ಒಂದೊಂದೇ ಸ್ವರ ಎಣಿಸಿ ಎಣಿಸಿ ನುಡಿಸಿದ ಪೋಸ್ಟ್-ಪಂಕ್. ಎಲ್ಪಿಯಲ್ಲಿ ಬೇಸ್ ಗಿಟಾರ್ ಎಲ್ಲರಿಗಿಂತ ಮುಂದೆ ನಡೆದು ಬರುತ್ತದೆ, ಉಳಿದವರು ಹಿಂದೆ. ಸಿಡಿಯಲ್ಲಿ ಅದೇ ಬೇಸ್ ಗೋಡೆಯ ಆಚೆ ನುಡಿಸಿದಂತೆ ಇದೆ, ತಾಳದ ತಟ್ಟೆಗಳು ಮಾತ್ರ ತಗಡು ಬಡಿದಂತೆ ಚುಚ್ಚುತ್ತವೆ. ಇದು ಮೊದಮೊದಲ ಸಿಡಿ. ಎಲ್ಪಿಗೆ ಅಂತ ತಯಾರಿಸಿದ ಟೇಪನ್ನೇ ಹಾಗೇ ಇಳಿಸಿರಬೇಕು. ಇಷ್ಟರವರೆಗೆ ನೀವು ಹೇಳಿದ್ದೇ ಖರೆ.

ಆದರೆ ಡ್ರಮ್ಮಿನ ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ಒಂದು ಖಾಲಿ ಇದೆಯಲ್ಲ, ಕಾಕಾ. ಆ ಖಾಲಿಯಲ್ಲಿ ಪ್ರತಿಧ್ವನಿ ಸಣ್ಣಗಾಗುತ್ತ ಹೋಗಿ ಇಲ್ಲವಾಗುವುದು ಸಿಡಿಯಲ್ಲಿ ಕೊನೆಯತನಕ ಕೇಳುತ್ತದೆ. ನಿಮ್ಮ ಪ್ಲೇಟಿನಲ್ಲಿ ಅದು ಅರ್ಧಕ್ಕೇ ಕರಕರದಲ್ಲಿ ಮುಳುಗುತ್ತದೆ. ಕಡ್ಲಿ ರಾಶಿ ಮಾಡುವ ದಿನಗಳಲ್ಲಿ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ನೀರಿನಲ್ಲಿ ಎಷ್ಟು ಒರೆಸಿದರೂ ಗೆರೆಯೊಳಗಿನ ಧೂಳು ಹೋಗುವುದಿಲ್ಲ. ಹೀಗಾಗಿ ಈ ಆಲ್ಬಮ್ಮಿಗೆ ನಾನು ಸಿಡಿಯನ್ನೇ ಆರಿಸುತ್ತೇನೆ. ಬೈಯ್ರಿ ಬೇಕಾದರೆ.

ಬೂದು ರಟ್ಟಿನ ಇನ್ನೊಂದು ಆಲ್ಬಮ್ಮಿಗೆ ಉಲ್ಟಾ. ಮೈತ್ರೇಯಿ ಅಕ್ಕ ಹುಬ್ಬಳ್ಳಿಯಿಂದ ನಿಮ್ಮ ಹುಟ್ಟುಹಬ್ಬಕ್ಕೆ ತರಿಸಿದ ಸಿಡಿ ಹೊಸದಾಗಿ ಮಾಸ್ಟರ್ ಮಾಡಿದ್ದು. ಎಲ್ಲವನ್ನೂ ಒಂದೇ ಸಮ ಜೋರು ಮಾಡಿಟ್ಟಿದ್ದಾರೆ, ಪಿಸುಮಾತೂ ಜೋರು, ಕೂಗೂ ಜೋರು. ಎರಡು ಹಾಡಿಗೇ ತಲೆ ಹಿಡಿಯುತ್ತದೆ. ಎಲ್ಪಿಯಲ್ಲಿ ಅದು ಉಸಿರಾಡುತ್ತದೆ. ಒಂದೇ ಕೊರತೆ, ಬದಿಯ ಕೊನೆಯ ಹಾಡಿನ ಹೊತ್ತಿಗೆ ಸೂಜಿ ಒಳಗಿನ ಸಣ್ಣ ಸುತ್ತಿಗೆ ಬಂದಿರುತ್ತದೆ, ಹಾಡುವವನ 'ಸ' ಎಲ್ಲ ಎಣ್ಣೆಯಲ್ಲಿ ಸಿಡಿದಂತೆ ಕೇಳುತ್ತದೆ. ನಾನು ಇದನ್ನು ಹೇಳಿದಾಗ ನೀವು "ಎಲ್ಲಿ? ನನಗೇನೂ ಕೇಳಸವಲ್ದು" ಅಂದಿರಿ. ಎರಡನೇ ಸಲ ಹಚ್ಚಿದೆ. "ನಿನ್ನ ಕಿವಿ ಹೆಡ್‌ಫೋನ್ ಹಾಕ್ಕೊಂಡು ಹಾಕ್ಕೊಂಡು ಹಾಳಾಗ್ಯಾವ" ಅಂತ ನಕ್ಕಿರಿ. ನಾನೂ ನಕ್ಕೆ.

ಅಲ್ಲಿಂದಲೇ ಅಲ್ಲವೇ ಪರೀಕ್ಷೆ ಹುಟ್ಟಿದ್ದು. ನಮ್ಮದು ಮಾಸ್ತರರ ಮನೆತನ, ಯಾವ ವಾದವೂ ಪ್ರಶ್ನೆಪತ್ರಿಕೆ ಇಲ್ಲದೆ ಮುಗಿಯುವುದಿಲ್ಲ. ಕಾಕು ಹಾಕಿದ ಮಾವಿನಕಾಯಿ ಉಪ್ಪಿನಕಾಯಿಗೂ, ಅವರ ತಂಗಿ ಹಾಕಿದ್ದಕ್ಕೂ ನೀವು ಕಣ್ಣು ಕಟ್ಟಿಕೊಂಡು ಅಂಕ ಕೊಟ್ಟ ಮೇಲೆ ತಿಂಗಳುಗಟ್ಟಲೆ ಕಾಕು ನಿಮ್ಮ ಜೊತೆ ನೆಟ್ಟಗೆ ಮಾತಾಡಲಿಲ್ಲ. ಶಿವರಾತ್ರಿ ಮರುದಿನ ಮಧ್ಯಾಹ್ನ ನೀವೇ ಸ್ಕೇಲಿಟ್ಟು ಹಾಳೆಗೆ ಗೆರೆ ಹಾಕಿದಿರಿ. ಹತ್ತು ಸುತ್ತು. ನೀವು ಗೋಡೆಗೆ ಮುಖ ಮಾಡಿ ಕೂಡುವುದು, ನಾನು ಒಂದು ಹಚ್ಚಿ ನಿಮ್ಮ ಭುಜ ತಟ್ಟುವುದು, ನೀವು ಎಲ್ಪಿ ಅಥವಾ ಸಿಡಿ ಅಂತ ಹೇಳುವುದು. ಪರೀಕ್ಷಕಿ, ಕುಮಾರಿ ಮೃಣಾಲಿನಿ. ಹತ್ತಕ್ಕೆ ಒಂಬತ್ತು ಅಂತ ಬರೆದು ಸಹಿ ಮಾಡಿದೆ. ನೀವು ರಿಟೈರ್ ಆಗಿ ಹನ್ನೊಂದು ವರ್ಷವಾದರೂ ಎಲ್ಲೋ ಇಟ್ಟಿದ್ದ ಹೆಡ್‌ಮಾಸ್ತರ್ ರಬ್ಬರ್ ಶಿಕ್ಕಾ ಹುಡುಕಿ ಒತ್ತಿದಿರಿ. ಸಂಜೆಗೆ ಅದು ಕಪಾಟಿನ ಬಾಗಿಲ ಮೇಲೆ ಅಂಟಿತು.

ಒಂಬತ್ತು ಅಲ್ಲ, ಕಾಕಾ. ನಿಮಗೆ ಬಂದದ್ದು ಐದು.

ಉಳಿದ ನಾಲ್ಕು ನಾನು ಕೊಟ್ಟ ಗ್ರೇಸ್. ನನ್ನ ಮೊದಲ ಇಂಟರ್ನಲ್ಲಿಗೆ ನಲವತ್ತಕ್ಕೆ ಹನ್ನೊಂದು ಬಂದಾಗ, ನಾನು ಬಾತ್‌ರೂಮಿನಲ್ಲಿ ಕೂತು ಫೋನ್ ಮಾಡಿದಾಗ, ನೀವು "ಪೇಪರ್ ತಗದಾಂವ ದಡ್ಡ ಇರಬೇಕು" ಅಂದಿದ್ದಿರಿ. ಅಂಥವರ ಹಾಳೆಯ ಮೇಲೆ ಐದು ಬರೆಯಲಿಕ್ಕೆ ನನಗೆ ಕೈ ಬರಲಿಲ್ಲ. ಮನೆಯ ಆಟ, ಯಾರಿಗೇನು ಆಗುತ್ತದೆ ಅಂದುಕೊಂಡೆ.

ಕಳೆದ ಗುರುವಾರದ್ದು ಮೈತ್ರೇಯಿ ಅಕ್ಕನಿಂದ ಗೊತ್ತಾಯಿತು. ಅಣ್ಣಿಗೇರಿ ರಸ್ತೆಯಲ್ಲಿ ನೀವು ಹಿಂದೆ ನೋಡದೆ ಸ್ಕೂಟರನ್ನು ಹೊಲದ ದಾರಿಗೆ ಬಲಕ್ಕೆ ತಿರುಗಿಸಿದ್ದು, ಕಡ್ಲಿ ಹೇರಿಕೊಂಡು ಹಿಂದಿನಿಂದ ಬರುತ್ತಿದ್ದ ಮೈಲಾರಿ ನಿಮ್ಮನ್ನು ತಪ್ಪಿಸಲು ಟ್ರ್ಯಾಕ್ಟರನ್ನು ತಗ್ಗಿಗೆ ಇಳಿಸಿದ್ದು. ನಿಮಗೆ ಏನೂ ಆಗಲಿಲ್ಲ ಅಂತ ಅಕ್ಕನ ಬಾಯಿಂದ ಎರಡು ಸಲ ಹೇಳಿಸಿದೆ. ಆಮೇಲೆ ಅಕ್ಕ ಉಳಿದದ್ದು ಹೇಳಿದಳು. ಟ್ರ್ಯಾಲಿ ಬಿದ್ದು ಮೈಲಾರಿಯ ಎಡಗೈ ಮುರಿದಿದೆ. "ಸರ್ರ, ನಾಕ ಸಲ ಹಾರನ್ ಹೊಡದೇನ್ರಿ" ಅಂತ ಅವನು ಅಂದರೆ, "ಒಂದ ಸಲನೂ ಹೊಡದಿಲ್ಲ. ನನ್ನ ಕಿವಿಗೆ ಹತ್ತಕ್ಕ ಒಂಬತ್ತು ಅದ, ಪುರಾವೆ ಅದ" ಅಂತ ನೀವು ಟ್ರ್ಯಾಕ್ಟರ್ ಮಾಲಕರ ಮುಂದೆ ಅಂದಿರಂತೆ. ಸರ್ ಹೇಳಿದ ಮೇಲೆ ಮುಗೀತು. ಅವತ್ತೇ ಅವನನ್ನು ಕೆಲಸದಿಂದ ತೆಗೆದರು. ರವಿವಾರ ಹಿರಿಯರು ಅದನ್ನು ಖಾಯಂ ಮಾಡಿದರೆ ಊರಲ್ಲಿ ಇನ್ಯಾರೂ ಅವನ ಕೈಗೆ ಸ್ಟೇರಿಂಗ್ ಕೊಡುವುದಿಲ್ಲ.

ಮೊನ್ನೆ ಅವನ ಹೆಂಡತಿ ಭಾಗ್ಯಾ ಫೋನ್ ಮಾಡಿದ್ದಳು. ನಂಬರ್ ಯಾರು ಕೊಟ್ಟರೋ ಗೊತ್ತಿಲ್ಲ. ನಾನು ಲ್ಯಾಬಿನ ಹೊರಗಿದ್ದೆ.

"ಅಕ್ಕಾರ, ಆ ಹಾಳ್ಯಾಗ ಸಹಿ ಮಾಡಿದಾಕಿ ನೀವ ಏನ್ರಿ?"

"ಹೌದ್ರಿ."

"ಸರ್ ಸುಳ್ಳ ಹೇಳಾವ್ರಲ್ಲ. ಏಳನೇ ಇಯತ್ತೆಗೆ ಅವರ ಕೈಯಾಗ ಕಲತಾವ್ರು ನಮ್ಮಾವ್ರು, ದೇವರಂತಾರ. ಆದರ ನಮ್ಮಾವ್ರೂ ಸುಳ್ಳ ಹೇಳಾವ್ರಲ್ರಿ. ಹಂಗಾರ ಆ ಹಾರನ್ ಎಲ್ಲಿ ಹೋತ್ರಿ ಅಕ್ಕಾರ?"

ನನಗೆ ಉತ್ತರ ಗೊತ್ತಿತ್ತು. "ಕ್ಲಾಸ್ ಶುರು ಆತ್ರಿ" ಅಂತ ಹೇಳಿ ಫೋನ್ ಇಟ್ಟೆ. ಕ್ಲಾಸ್ ಇರಲಿಲ್ಲ.

ಅವತ್ತು ಸಂಜೆ ಕಾಕು ನಿಮ್ಮ ನಿರೋಪ ಕೊಟ್ಟರು: "ರವಿವಾರ ಬಂದು, ಸಹಿ ನಂದ ಅಂತ ಮಠದಾಗ ಒಂದ ಮಾತು ಹೇಳಿ ಹೋಗಬೇಕಂತ." ಕಾಕುವಿನ ದನಿ ಸಣ್ಣಗಿತ್ತು. ಆಮೇಲೆ ತಾವೇ, "ಮಿನೂ, ಕುಕ್ಕರ್ ಸೀಟಿ ಹೊಡೀಲಿಕ್ಕತ್ತಿದ್ರ ಬಾಜುಕ ಕೂತು ಪೇಪರ್ ಓದ್ತಾರ. ನಾ ಓಡಿ ಬರ್ಬೇಕು. ಕೇಳಸಲಿಲ್ಲೇನು ಅಂದ್ರ ಮೈಮ್ಯಾಲೆ ಬರ್ತಾರ" ಅಂದರು.

ಬರುತ್ತೇನೆ, ಕಾಕಾ. ಸಹಿ ನನ್ನದು ಅಂತ ಹೇಳುತ್ತೇನೆ, ಅಂಕ ಸುಳ್ಳು ಅಂತಲೂ ಹೇಳುತ್ತೇನೆ. ನಿಮ್ಮನ್ನು ಎಲ್ಲರ ಮುಂದೆ ಸಣ್ಣ ಮಾಡಲಿಕ್ಕೆ ಅಲ್ಲ. ನೀವು ಸುಳ್ಳು ಹೇಳಿಲ್ಲ, ನನ್ನ ಹಾಳೆಯನ್ನು ನಂಬಿದಿರಿ ಅಷ್ಟೇ. ಆದರೆ ಮೈಲಾರಿ ನಿಮ್ಮನ್ನು ಉಳಿಸಿ ಕೈ ಮುರಿದುಕೊಂಡಿದ್ದಾನೆ. ನಾನು ನಿದ್ದೆ ಇಲ್ಲದೆ ಇದ್ದೇನೆ ಅಂತ ಬರೆಯಬಾರದು, ನಿಮಗೆ ನಾಟಕ ಸೇರುವುದಿಲ್ಲ. ಊಟ ಸೇರುತ್ತಿಲ್ಲ, ಅದು ಮಾತ್ರ ಖರೆ.

ಅಲ್ಲೀತನಕ ದಯವಿಟ್ಟು ಸ್ಕೂಟರ್ ತೆಗೆಯಬೇಡ್ರಿ. ಕಾಕುಗೆ ನಮಸ್ಕಾರ. ನಿಮ್ಮ ಆಶೀರ್ವಾದ ಈಗಲೇ ಕೇಳುವ ಧೈರ್ಯ ಇಲ್ಲ, ಸಿಟ್ಟು ಇಳಿದ ಮೇಲೆ ಕೊಡ್ರಿ, ಕಾಯುತ್ತೇನೆ.

ನಿಮ್ಮ ಮಿನು

ತಾ.ಕ.: ಕವರ್ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಇದನ್ನು ಓದಿ ನೀವು ಏನನ್ನುತ್ತೀರಿ ಅಂತ ನನಗೆ ಕೇಳಿಸುತ್ತಿದೆ. "ಐದು ಬಂತು, ಬರಲಿ. ಎಲ್ಪಿ ಯಾವುದು ಸಿಡಿ ಯಾವುದು ಅಂತ ಅರ್ಧ ಜಗತ್ತಿಗೆ ಗೊತ್ತಾಗೂದಿಲ್ಲ. ಅದಕ್ಕ ಕಿವುಡು ಅನ್ನೂದಿಲ್ಲ." ಸರಿಯೇ. ನಾನು ಗೋಡೆಗೆ ಮುಖ ಮಾಡಿ ಕೂತಿದ್ದರೆ ನನಗೂ ಐದೇ ಬರುತ್ತಿತ್ತೇನೋ. ಅದಕ್ಕೇ ಎಂಟನೆಯ ಸುತ್ತಿನದನ್ನು ಬರೆಯಲೇಬೇಕು. ಯಾರಿಗೂ ಹೇಳಿಲ್ಲ.

ಎಂಟನೆಯದಕ್ಕೆ ಎಲ್ಪಿ ಮೇಲೆ ಸೂಜಿ ಇಟ್ಟು ನಿಮ್ಮ ಭುಜ ತಟ್ಟಿದೆ. ಆಮೇಲೆ ನೋಡಿದರೆ ಆಂಪ್ಲಿಫೈಯರಿನ ಸ್ವಿಚ್ಚು ಸಿಡಿ ಕಡೆಗೇ ಇದೆ. ಸಿಡಿ ನಿಂತಿತ್ತು, ಪ್ಲೇಟು ತಿರುಗುತ್ತಿತ್ತು, ಸ್ಪೀಕರಿನಿಂದ ಏನೂ ಬರುತ್ತಿರಲಿಲ್ಲ. ಹಿತ್ತಲಲ್ಲಿ ಬಾಜು ಮನೆಯ ಗೌಸಬಿ ಅಜ್ಜಿ ಕೋಳಿ ಓಡಿಸುವುದು ಕೇಳುತ್ತಿತ್ತು, ಅಷ್ಟು ಸುಮ್ಮನಿತ್ತು ಖೋಲಿ. "ತಡೀರಿ ಕಾಕಾ" ಅಂದೆ. ನೀವು ತಿರುಗಲಿಲ್ಲ. ನಿಮ್ಮ ಬೆರಳು ತೊಡೆಯ ಮೇಲೆ ಬೇಸ್ ನುಡಿಸಲು ಶುರು ಮಾಡಿತ್ತು. ಪ್ರತಿ ಸುತ್ತಿಗೂ "ಜರಾ ಹೆಚ್ಚಿಗಿ ಮಾಡು" ಅನ್ನುತ್ತಿದ್ದವರು ಆ ಒಂದು ಸುತ್ತಿಗೆ ಅನ್ನಲಿಲ್ಲ. ಇಡೀ ಹಾಡು ಮುಗಿಸಿದಿರಿ. ಕೊನೆಗೆ ಬೆರಳು ನಿಂತದ್ದೂ, ಸೂಜಿ ಆ ಹಾಡಿನ ಕೊನೆ ಮುಟ್ಟಿದ್ದೂ ಒಂದೇ ಹೊತ್ತಿಗೆ.

"ಎಲ್ಪಿ" ಅಂದಿರಿ. "ಈಗ ಖರೆ ಬಂತು ನೋಡು ಆವಾಜು."

ಸೂಜಿ ಎಲ್ಪಿ ಮೇಲೇ ಇತ್ತಲ್ಲ, ಅದಕ್ಕೆ ಸರಿ ಅಂತ ಗುರುತು ಹಾಕಿದೆ. ಮೇಲೆ ಐದು ಅಂತ ಬರೆದಿದ್ದೇನಲ್ಲ, ಅದರಲ್ಲಿ ಇದೂ ಸೇರಿದೆ.

ಆ ಹಾರನ್ ಎಲ್ಲಿ ಹೋಯಿತು ಅಂತ ಕೇಳಿದ ಭಾಗ್ಯಾಗೆ ಕೊಡಬೇಕಾದ ಉತ್ತರ ಇದೇ. ಮಠದಲ್ಲಿ ಇದನ್ನು ನಾನು ಹೇಳಲೋ, ನೀವೇ ಹೇಳುತ್ತೀರೋ, ಅದು ಮಾತ್ರ ನಿಮಗೆ ಬಿಟ್ಟದ್ದು. ರವಿವಾರ ಒಂಬತ್ತರ ಬಸ್ಸಿಗೆ ಇಳಿಯುತ್ತೇನೆ.