ಮೊದಲ ಸಾವಿರ ಕಿಲೋಮೀಟರ್

ನಮ್ಮ ಆಮೆರಾಯನಿಗೆ,

ನಮ್ಮ ಕಾರು ನಿನ್ನ ಕೈಯಲ್ಲಿ ಮಳೆನೀರು ಕುಡಿದು ನಿಂತ ದಿನದಿಂದ ನೀನು ಈ ಕಡೆ ತಲೆ ಹಾಕಿಲ್ಲ. ಫೋನೂ ಎತ್ತುವುದಿಲ್ಲ. ಗೇಟು ಸದ್ದಾದರೆ ಸಾಕು, ನಿನ್ನಕ್ಕ ಒಲೆ ಬಿಟ್ಟು ಬಾಗಿಲಿಗೆ ಬರುತ್ತಾಳೆ. ಹಾಲಿನವನನ್ನು ಕಂಡು ಮುಖ ಸಪ್ಪೆ ಮಾಡಿಕೊಂಡು ಒಳಗೆ ಹೋಗುತ್ತಾಳೆ. ಪಾಪ, ಅವನೇನು ಮಾಡಿಯಾನು. ಅದಕ್ಕೇ ಈ ಕಾಗದ.

ನಿನ್ನೆ ಮೆಕ್ಯಾನಿಕ್ ಎಂಜಿನ್ ಬಿಚ್ಚಿದ. ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಒಳಗೆ ಒಂದು ರಾಡ್ ಬಗ್ಗಿದೆ, ಮಿಕ್ಕವು ನೆಟ್ಟಗಿವೆ. "ಯಜಮಾನ್ರೇ, ಬೇರೆ ಎಂಜಿನ್ನೇ ಕೂರಿಸ್ಬಿಡಿ. ಗುಜರಿಯಲ್ಲಿ ಒಂದಿದೆ. ಇದನ್ನ ರಿಪೇರಿ ಮಾಡೋಕೆ ತಿಂಗಳು ಹಿಡಿಯುತ್ತೆ" ಎಂದ. ಖರ್ಚು ಹೆಚ್ಚುಕಡಿಮೆ ಒಂದೇ. ಗುಜರಿಗೆ ಹೋಗಿ ಆ ಎಂಜಿನ್ ನೋಡಿದೆ. ತೊಳೆದು ಮಿರಮಿರ ಮಿಂಚಿಸಿ ಇಟ್ಟಿದ್ದರು. ಹಳೇ ಫ್ಯಾನು, ಮಿಕ್ಸಿ ಮಾರಿ ಮೇಲೆ ಬಂದವನು ನಾನು. ಅಷ್ಟು ಹೊಳಪು ಯಾವಾಗ ಬೇಕಾಗುತ್ತದೆಂದು ನನಗೆ ಹೇಳಿಕೊಡಬೇಕಾಗಿಲ್ಲ. ಮೊದಲು ಯಾರ ಗಾಡಿಯಲ್ಲಿತ್ತು ಎಂದು ಕೇಳಿದರೆ ಮಾರುವವನು ಆಕಾಶ ನೋಡಿದ. ನಮ್ಮದರ ಕೆಮ್ಮು, ಗೊರಕೆಯಾದರೂ ನನಗೆ ಗೊತ್ತು.

ಇನ್ನು ನಿನ್ನ ವಿಷಯ. ನೀರಿನಲ್ಲೂ ನೀನು ನಿಧಾನವಾಗಿಯೇ ಹೋಗುತ್ತಿದ್ದೆಯಂತೆ. ಪಕ್ಕದಲ್ಲಿ ಲಾರಿ ನುಗ್ಗಿ ಅಲೆ ಎಬ್ಬಿಸಿದ್ದನ್ನು ಪಂಕ್ಚರ್ ಅಂಗಡಿಯವನು ನೋಡಿದ್ದಾನೆ. ಎಂಜಿನ್ ನಿಂತ ಮೇಲೆ ನೀನು ಮತ್ತೆ ಕೀಲಿ ತಿರುಗಿಸಬಾರದಿತ್ತು, ರಾಡ್ ಬಗ್ಗಿದ್ದು ಆಗಲೇ. ಅದು ತಪ್ಪೇ, ಅಲ್ಲವೆನ್ನುವುದಿಲ್ಲ. ಆದರೆ ಮೊಣಕಾಲುದ್ದ ನೀರಿನಲ್ಲಿ ಸಿಕ್ಕಿಕೊಂಡು, ಹಿಂದಿನವರೆಲ್ಲ ಹಾರ್ನ್ ಬಾರಿಸುತ್ತಿರುವಾಗ ಕೈ ಕಟ್ಟಿ ಕೂರುವ ಮನುಷ್ಯನನ್ನು ನಾನಿನ್ನೂ ಕಂಡಿಲ್ಲ.

ರಿಪೇರಿಯೇ ಮಾಡು ಎಂದುಬಿಟ್ಟೆ. ಮೆಕ್ಯಾನಿಕ್ ಷರತ್ತು ಹಾಕಿದ: "ಮೊದಲ ಸಾವಿರ ಕಿಲೋಮೀಟರ್ ಮೆತ್ತಗೆ ಓಡಿಸ್ಬೇಕು. ಅವಸರ ಮಾಡಿ ಕೆಡಿಸಿದ್ರೆ ನನ್ನನ್ನ ಕೇಳ್ಬೇಡಿ."

"ಇವ್ರಾ? ಗೇಟು ದಾಟೋ ಮುಂಚೆ ಮೂರನೇ ಗೇರಿಗೆ ಹೋಗೋರು" ಎಂದು ಪಕ್ಕದಲ್ಲೇ ಇದ್ದ ನಿನ್ನಕ್ಕ ನಕ್ಕಳು. ಆ ಮಳೆಯ ನಂತರ ಅವಳು ನಕ್ಕದ್ದು ಅದೇ ಮೊದಲು. ಆಮೇಲೆ ಇಬ್ಬರಿಗೂ ನಿನ್ನ ನೆನಪಾಯಿತು. ಸೈಕಲ್‌ನವರಿಗೂ ದಾರಿ ಬಿಟ್ಟುಕೊಟ್ಟು, ತುಂಬಿದ ಕೊಡ ಹೊತ್ತವನಂತೆ ಕಾರು ಓಡಿಸುವವನು ಈ ಸಂಸಾರದಲ್ಲಿ ಒಬ್ಬನೇ. ಅವನನ್ನೇ ನಾವು ಇಷ್ಟು ವರ್ಷ ಆಡಿಕೊಂಡದ್ದು.

ಮುಂದಿನ ತಿಂಗಳು ಕಾರು ಬರುತ್ತದೆ. ಕೀಲಿ ಬಾಗಿಲ ಪಕ್ಕದ ಮೊಳೆಯಲ್ಲಿರುತ್ತದೆ, ನಾನು ಮುಟ್ಟುವುದಿಲ್ಲ. ಅಕ್ಕನನ್ನು ಮುಂದೆ ಕೂರಿಸಿಕೋ. ನಾನು ಹಿಂದೆ ಕೂತು ಬಾಯಿ ಮುಚ್ಚಿಕೊಂಡಿರಲು ಪ್ರಯತ್ನಿಸುತ್ತೇನೆ; ಮಾತು ಮಾತ್ರ ಕೊಡಲಾರೆ.

ನಿನ್ನ ದಾರಿ ಒಣಗಿರಲಿ, ಕೈ ಅಳುಕದಿರಲಿ. ನಿಧಾನವಾಗಿಯೇ ಬಾ, ಆದರೆ ಬಾ.

ಹಿಂದಿನ ಸೀಟಿನಲ್ಲಿ ಕಾಯುವ
ನಿನ್ನ ಭಾವ