ದ್ಯಾಮವ್ವನ ಸೊಂಟದ ಮೇಲಿನ ಕೈ

ಫೆಬ್ರವರಿ ೩೧, ೨೩೧೮
ಕುರಿಹಟ್ಟಿ, ಗಜೇಂದ್ರಗಡದ ಗುಡ್ಡದ ಕೆಳಗೆ

ದ್ಯಾಮವ್ವಜ್ಜಿಗೆ, ಒಂಬತ್ತು ತಲೆಯಾಚೆಯ ಮೊಮ್ಮಗಳು ಕೆಂಚವ್ವ ಮಾಡುವ ಶರಣು.

ತಾರೀಕು ನೋಡಿ ಗಾಬರಿಯಾಗಬೇಡ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತೊಂದು ದಿನ ಕೊಟ್ಟಿದ್ದಾರೆ, ಯಾಕೆಂದು ನನ್ನನ್ನು ಕೇಳಬೇಡ. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೋ. ನಿನ್ನನ್ನು ಅಜ್ಜಿ ಎನ್ನಲೂ ನಾಲಿಗೆ ತಡವರಿಸುತ್ತದೆ: ನನಗೆ ಅರವತ್ತೆರಡು, ಇದನ್ನು ಓದುವಾಗ ನೀನು ಇಪ್ಪತ್ತಾರರ ಹುಡುಗಿ. ಇದು ಹಿಂದೋಲೆ, ಎಂದರೆ ಹಿಂದಿನವರಿಗೆ ಹೋಗುವ ಓಲೆ. ಮನೆಗೊಂದೇ ಸಿಗುತ್ತದೆ. ನಮ್ಮದು ನಿನಗೆ.

ನಿಮ್ಮ ನಂತರ ಇನ್ನೂರು ವರ್ಷ ಈ ಸೀಮೆಯಲ್ಲಿ ಒಂದು ಕುರಿಯೂ ಇರಲಿಲ್ಲ. ನನ್ನಪ್ಪನ ಕಾಲಕ್ಕೆ ಮತ್ತೆ ಬಂದಾಗ ಸಾಕುವುದನ್ನು ಬಲ್ಲವರು ಉಳಿದಿರಲಿಲ್ಲ. ಉಳಿದದ್ದು ನಿನ್ನ ಗಂಡ ಫೋನಿನಲ್ಲಿ ತೆಗೆದ ಒಂಬತ್ತು ನಿಮಿಷದ ವಿಡಿಯೋ. ಅದರಲ್ಲಿ ನೀನು ಈಯುವ ಕುರಿಯಿಂದ ಬರಿಗೈಯಲ್ಲಿ ಮರಿ ಎಳೆಯುತ್ತೀ. ಉಸಿರಾಡದ ಮರಿಯ ಮೂಗಿಗೆ ಬಾಯಿಟ್ಟು ಲೋಳೆ ಹೀರಿ ಉಗುಳುತ್ತೀ, ಊದುತ್ತೀ. ಅದು ಅರಚಿದ ಮೇಲೆ ಒಂದು ಬೊಗಸೆ ಹಸಿ ಹಾಲು ಕುಡಿಯುತ್ತೀ. ಕಡೆಗೆ ಎದ್ದು, ಎಡಗೈ ಸೊಂಟಕ್ಕಿಟ್ಟು, ಬಾಗಿ ಮೂರು ಹೆಜ್ಜೆ ನಡೆದು "ಯವ್ವಾ" ಎನ್ನುತ್ತೀ. ನಾವು ಒಂದೂ ಬಿಡದೆ ಹಾಗೇ ಮಾಡುತ್ತೇವೆ. ಮಾಡುವವಳಿಗೆ ಉಸಿರವ್ವ ಎಂದು ಹೆಸರು. ನಮ್ಮ ಹಟ್ಟಿಯ ಉಸಿರವ್ವ ನನ್ನ ತಂಗಿ ಸೋಮವ್ವ. ಸೊಂಟಕ್ಕೆ ಕೈ ಸರಿಯಾಗಿ ಇಡದ ಹುಡುಗಿಯರಿಗೆ ನಾನೇ ಬೈದಿದ್ದೇನೆ.

ಕಳೆದ ಮಳೆಗಾಲದಲ್ಲಿ ಹನ್ನೊಂದು ಕುರಿಗಳು ದಿನ ತುಂಬುವ ಮೊದಲೇ ಕಂದು ಹಾಕಿದವು. ಸೋಮಿ ಒಂದೊಂದು ಸತ್ತ ಮರಿಗೂ ಬಾಯಿಟ್ಟಳು, ಅತ್ತಳು, ಊದಿದಳು. ಆಮೇಲೆ ಅವಳಿಗೆ ಸಂಜೆಯಾದರೆ ಜ್ವರ, ಬೆವರು. ಬೆನ್ನು ಹಿಡಿದುಕೊಂಡು ಮಲಗಿದವಳು ಏಳಲಿಲ್ಲ. ಮೈಗನ್ನಡಿ ಎಂಬ ಯಂತ್ರ ನಮ್ಮಲ್ಲಿದೆ, ಮೈ ನೋಡಿ ರೋಗ ಹೇಳುತ್ತದೆ. ಅದು "ಸವೆದ ಬೆನ್ನು, ವಿಶ್ರಾಂತಿ" ಎಂದಿತು. ಮನೆಯಲ್ಲಿ ಪ್ರಾಣಿಗಳಿವೆಯೇ ಎಂದು ಅದು ಕೇಳಲಿಲ್ಲ. ಕುರಿಗಳೇ ಇಲ್ಲದ ಅಷ್ಟು ಕಾಲ ಕೇಳುವ ಅಗತ್ಯವೇ ಬಿದ್ದಿರಲಿಲ್ಲವಂತೆ. ನಾಲ್ಕು ತಿಂಗಳು ಎಣ್ಣೆ ತಿಕ್ಕಿದೆ. ಥೂ, ನನ್ನ ಬುದ್ಧಿಗಿಷ್ಟು!

ಕಡೆಗೆ ರೇಣವ್ವ ಎಂಬ ಎಳೆಯ ಡಾಕ್ಟರು ಬಂದು ಸೋಮಿಯ ರಕ್ತ ತೆಗೆದಳು, ಕುರಿಗಳದ್ದನ್ನೂ ತೆಗೆದಳು. ಕುರಿಗಳಿಗೆ ಕಂದು ಹಾಕಿಸುವ ಬ್ಯಾಕ್ಟೀರಿಯಾವೇ ಸೋಮಿಯ ಬೆನ್ನೆಲುಬಿನಲ್ಲಿ ಮನೆ ಮಾಡಿ ಎರಡು ಮಣಿಗಳನ್ನು ತಿಂದಿದೆ ಎಂದಳು. ನಾನು ನಂಬದೆ ನಿನ್ನ ವಿಡಿಯೋ ತೋರಿಸಿದೆ. "ನೋಡವಾ, ನಮ್ಮಜ್ಜಿನೂ ಹಿಂಗ ಮಾಡ್ಯಾಳ. ಆಕಿಗೇನಾಗೇತಿ?"

ಅವಳು ಕಡೆಯ ಭಾಗವನ್ನು ಎರಡು ಸಲ ನೋಡಿದಳು.

"ಯಮ್ಮಾ, ಇದು ಶಾಸ್ತ್ರ ಅಲ್ಲ. ಆಕಿಗೆ ಬೆನ್ನು ನೋಯಾಕತ್ತೈತಿ."

ಅಂದಿನಿಂದ ನನ್ನ ತಲೆ ಕೆಟ್ಟುಹೋಗಿದೆ. ನಿನ್ನ ನೋವನ್ನು ನಾವು ಪೂಜೆ ಎಂದುಕೊಂಡೆವೇ? ನೀನು ವಾಸಿಯಾದೆಯೋ, ಸೋಮಿಯಂತೆ ಹಾಸಿಗೆ ಹಿಡಿದೆಯೋ? ವಾಸಿಯಾಗಿದ್ದರೆ ಅದನ್ನೂ ಒಂದು ವಿಡಿಯೋ ತೆಗೆಸಬಾರದಿತ್ತೇ? ನಿನ್ನ ಮೇಲೆ ಸಿಟ್ಟು ಬರುತ್ತದೆ, ಮರುಗಳಿಗೆ ಅಳು ಬರುತ್ತದೆ. ಈಗ ನೀನು ಹಾಗೆ ತೆಗೆಸಿದರೆ ಸೋಮಿ ಮಲಗುವುದೇ ಇಲ್ಲವೇ? ಅವಳು ಮಲಗದಿದ್ದರೆ ಈ ಓಲೆ ಬರೆದವರು ಯಾರು? ನನಗಂತೂ ಬಗೆಹರಿಯುತ್ತಿಲ್ಲ. ಸೋಮಿ ಗುಳಿಗೆ ನುಂಗಲು ಶುರುಮಾಡಿ ಐದು ವಾರವಾಯಿತು. ಜ್ವರ ಇಳಿದಿದೆ, ಕಾಲು ಮಾತ್ರ ಇನ್ನೂ ಮಾತು ಕೇಳುವುದಿಲ್ಲ. ನಡೆಯುತ್ತಾಳೆಯೇ ಎಂದು ಕೇಳಿದರೆ ರೇಣವ್ವ ಮತ್ತೊಮ್ಮೆ ಗುಳಿಗೆ ಎಣಿಸುತ್ತಾಳೆ.

ನೀನು ಇಷ್ಟು ಮಾಡು, ನನ್ನವ್ವ. ಹಾಲು ಕುದಿಸಿಯೇ ಕುಡಿ. ಕಂದು ಹಾಕಿದ ಕುರಿಯನ್ನು ಬರಿಗೈಯಿಂದ ಮುಟ್ಟಬೇಡ. ಮರಿಗೆ ಬಾಯಿಡಬೇಡ, ಮೂಗು ಒರೆಸಿ ಹುಲ್ಲುಕಡ್ಡಿ ಆಡಿಸಿದರೂ ಸೀನಿ ಉಸಿರೆಳೆದುಕೊಳ್ಳುತ್ತದೆ. ನಾಳೆಯೇ ದೊಡ್ಡ ಆಸ್ಪತ್ರೆಗೆ ಹೋಗಿ ಬೆನ್ನು ತೋರಿಸು. ಅವರು ಕೇಳದಿದ್ದರೂ ನೀನೇ ಬಾಯಿಬಿಟ್ಟು ಹೇಳು: "ನಮ್ಮನ್ಯಾಗ ಕುರಿ ಅದಾವ್ರೀ."

ಅದೊಂದು ಮಾತನ್ನು ನಾನು ನಾಲ್ಕು ತಿಂಗಳು ಹೇಳಲಿಲ್ಲ.

ಕೆಂಚವ್ವ