ಡೆಕ್ಲನ್‌ನ ಶಾಲೆಯಲ್ಲಿ ನನ್ನ ಉಪದೇಶ

ಆಗಸ್ಟ್ ೧೪, ಗುರುವಾರ. ಟ್ಯಾಮ್‌ವರ್ತ್, ಆಸ್ಟ್ರೇಲಿಯಾ.

ಆ ಚಪ್ಪಾಳೆ ಇನ್ನೂ ತಲೆಯೊಳಗೇ ಇದೆ. ಹಾಳಾದ್ದು.

ವಾಯುಪಡೆ ಸೇರುವ ಆಸೆಯ ಮಕ್ಕಳಿಗೆ ನಾಲ್ಕು ಮಾತು ಹೇಳಿ ಎಂದು ಹೈಸ್ಕೂಲಿಗೆ ಕರೆದವನು ಡೆಕ್ಲನ್. ನನ್ನ ಕೈಯಲ್ಲಿ ಹಾರಾಟ ಕಲಿತವನು, ಈಗ ಅಲ್ಲಿ ಗಣಿತದ ಮೇಷ್ಟ್ರು. "ನೆಗಡಿಯಿದ್ದರೆ ಹಾರಬೇಡಿ. ಡಾಕ್ಟರ ಹತ್ತಿರ ಏನನ್ನೂ ಮುಚ್ಚಿಡಬೇಡಿ" ಎಂದು ಗತ್ತಿನಿಂದ ಹೇಳಿದೆ. ಎಲ್ಲರ ಜೊತೆ ಅವನೂ ಚಪ್ಪಾಳೆ ತಟ್ಟಿದ.

ಹನ್ನೊಂದು ವರ್ಷದ ಹಿಂದೆ, ಹಾರಾಟದ ಕೊನೆಯ ಪರೀಕ್ಷೆಯ ಬೆಳಿಗ್ಗೆ, ಮೂಗು ಕಟ್ಟಿದೆ ಎಂದು ನನ್ನ ಹತ್ತಿರ ಬಂದಿದ್ದ. "ಡಾಕ್ಟರ್ ಹತ್ರ ಹೋದ್ರೆ ಮುಂದಿನ ಬ್ಯಾಚಿಗೆ ತಳ್ತಾರೆ ಕಣೋ. ಬಾಯಿ ಮುಚ್ಕೊಂಡು ವಿಮಾನ ಹತ್ತು" ಅಂದವನು ನಾನೇ. ವಿಮಾನ ಇಳಿಯುವಾಗ ಒತ್ತಡಕ್ಕೆ ಅವನ ಎಡಗಿವಿ ಹೋಯಿತು. ಅದರೊಂದಿಗೆ ಹಾರಾಟವೂ. ವಿಚಾರಣೆಯಲ್ಲಿ ಅವನು ನನ್ನ ಹೆಸರೆತ್ತಲಿಲ್ಲ. ನಾನೂ ಎತ್ತಲಿಲ್ಲ.

ಇವತ್ತು ಕಾರಿನವರೆಗೆ ಬಂದ. "ಚೆನ್ನಾಗಿ ಹೇಳಿದ್ರಿ ಸರ್. ನೀವು ಹೇಳಿದ್ರೆ ಹುಡುಗ್ರು ಕೇಳ್ತಾರೆ" ಎಂದು ನಕ್ಕ. "ನಾನೂ ಕೇಳಿದ್ನಲ್ಲ."

ತಪ್ಪಾಯ್ತು ಕಣೋ ಅಂದೆ. ಅಂದದ್ದು ನಿಜ. ಆದರೆ ಅವನ ಎಡಕ್ಕೆ ಸರಿದು ನಿಂತು, ಮೆಲ್ಲಗೆ ಅಂದೆ.

"ಏನಂದ್ರಿ?" ಎಂದು ಬಲಗಿವಿ ಇತ್ತ ತಿರುಗಿಸಿದ.

"ಚಳಿ ಜಾಸ್ತಿ ಅಂದೆ."